ಎಲಿಯಟ್ ಪಿ. ಜೋಸ್ಲಿನ್

ಎಲಿಯಟ್ ಪ್ರಾಕ್ಟರ್ ಜೋಸ್ಲಿನ್ (ಜೂನ್ 6, 1869 – ಜನವರಿ 28, 1962) ಅಮೆರಿಕದ ವೈದ್ಯರು. ಮಧುಮೇಹದ ಚಿಕಿತ್ಸೆಯನ್ನೇ ಮುಖ್ಯ ವೃತ್ತಿಯಾಗಿಸಿಕೊಂಡ ಆ ದೇಶದ ಮೊದಲ ವೈದ್ಯರೆಂದು ಅವರನ್ನು ಪರಿಗಣಿಸಲಾಗುತ್ತದೆ. ರೋಗಿಗಳು, ಅವರಲ್ಲಿಯೂ ಮಕ್ಕಳು, ತಮ್ಮ ರೋಗದ ಹತೋಟಿಯನ್ನು ತಾವೇ ದಿನವೂ ಅಳೆಯುವ ಪದ್ಧತಿಯನ್ನು ರೂಢಿಗೆ ತಂದವರಲ್ಲಿ ಅವರು ಪ್ರಮುಖರು.

ಜನನ ಮತ್ತು ಶಿಕ್ಷಣ

ಜೋಸ್ಲಿನ್‌ರವರು ಮ್ಯಾಸಚೂಸೆಟ್ಸ್ ರಾಜ್ಯದ ಆಕ್ಸ್‌ಫರ್ಡ್ ಪಟ್ಟಣದಲ್ಲಿ ಜನಿಸಿದರು. 1890ರಲ್ಲಿ ಯೇಲ್ ಕಾಲೇಜಿನಿಂದ ಪದವಿ ಪಡೆದು, 1895ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ವ್ಯಾಸಂಗ ಮುಗಿಸಿದರು. 1898ರಲ್ಲಿ ಬಾಸ್ಟನ್ ನಗರದಲ್ಲಿ ವೃತ್ತಿ ಆರಂಭಿಸಿದರು. ಅವರ ತಾಯಿಗೂ ಮಧುಮೇಹವಿತ್ತು. ತಮ್ಮಲ್ಲಿಗೆ ಬಂದ ಪ್ರತಿಯೊಬ್ಬ ಮಧುಮೇಹಿಯ ವಿವರವನ್ನೂ ಅವರು ದಾಖಲೆ ಪುಸ್ತಕಗಳಲ್ಲಿ ಕ್ರಮವಾಗಿ ಬರೆದಿಡುತ್ತಿದ್ದರು.

ಇನ್ಸುಲಿನ್ ಬಂದ ಬಳಿಕ

ಇನ್ಸುಲಿನ್ ಇಲ್ಲದ ಕಾಲದಲ್ಲಿ ಟೈಪ್ 1 ಮಧುಮೇಹ ತಗುಲಿದ ಮಕ್ಕಳು ಹೆಚ್ಚು ವರ್ಷ ಬದುಕುತ್ತಿರಲಿಲ್ಲ. ಕಠಿಣ ಮಿತಾಹಾರದಿಂದ ಸಾವನ್ನು ಕೆಲಕಾಲ ಮುಂದೂಡುವುದಷ್ಟೇ ಸಾಧ್ಯವಿತ್ತು. 1922ರ ಆಗಸ್ಟ್‌ನಲ್ಲಿ ಜೋಸ್ಲಿನ್‌ರವರು ತಮ್ಮ ರೋಗಿಗೆ ಮೊದಲ ಬಾರಿ ಇನ್ಸುಲಿನ್ ನೀಡಿದರು. ಆದರೆ ಬದುಕುಳಿದ ಯುವಜನರಲ್ಲಿ ವರ್ಷಗಳ ನಂತರ ಕಣ್ಣು, ಮೂತ್ರಪಿಂಡ ಹಾಗೂ ನರಗಳ ತೊಂದರೆಗಳು ಕಾಣಿಸಿಕೊಂಡವು. ಸಕ್ಕರೆಯ ಹತೋಟಿ ತಪ್ಪುವುದೇ ಇದಕ್ಕೆ ಕಾರಣವೆಂದು ಅವರು ನಂಬಿದ್ದರು.

ಅಳತೆಯ ಪದ್ಧತಿ

ಆಗ ಮನೆಯಲ್ಲಿ ಮಾಡಬಹುದಾಗಿದ್ದುದು ಮೂತ್ರ ಪರೀಕ್ಷೆ ಮಾತ್ರ. ಬೆನೆಡಿಕ್ಟ್ ದ್ರಾವಣದೊಡನೆ ಮೂತ್ರವನ್ನು ಕಾಯಿಸಿದಾಗ, ಸಕ್ಕರೆಯ ಪ್ರಮಾಣಕ್ಕೆ ಅನುಗುಣವಾಗಿ ನೀಲಿ ಬಣ್ಣವು ಹಸಿರು, ಹಳದಿ ಅಥವಾ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಸಿಹಿಮೂತ್ರ ರೋಗವೆಂಬ ಕನ್ನಡದ ಹೆಸರು ಸೂಚಿಸುವುದೂ ಇದೇ ಲಕ್ಷಣವನ್ನು. ಆದರೆ ರಕ್ತದ ಸಕ್ಕರೆ ಸುಮಾರು 180 ಮಿ.ಗ್ರಾಂ. ಮಟ್ಟವನ್ನು ಮೀರಿದ ಮೇಲೆಯೇ ಅದು ಮೂತ್ರದಲ್ಲಿ ಕಾಣುವುದರಿಂದ ಈ ಅಳತೆ ಸ್ಥೂಲವಾದುದು.

ಜೋಸ್ಲಿನ್‌ರವರು 1918ರಲ್ಲಿ ರೋಗಿಗಳಿಗಾಗಿಯೇ ಕೈಪಿಡಿ ಪ್ರಕಟಿಸಿದರು. ಆಹಾರ, ಇನ್ಸುಲಿನ್ ಮತ್ತು ವ್ಯಾಯಾಮಗಳನ್ನು ಒಂದೇ ರಥದ ಮೂರು ಕುದುರೆಗಳಿಗೆ ಹೋಲಿಸುತ್ತಿದ್ದರು. ಮಕ್ಕಳ ಚಿಕಿತ್ಸೆಯಲ್ಲಿ 1924ರಿಂದ ಡಾ. ಪ್ರಿಸಿಲ್ಲಾ ವೈಟ್ ಅವರ ಸಹೋದ್ಯೋಗಿಯಾಗಿದ್ದರು. ಮಧುಮೇಹವಿರುವ ಬಾಲಕಿಯರಿಗಾಗಿ 1932ರಲ್ಲಿ, ಬಾಲಕರಿಗಾಗಿ 1948ರಲ್ಲಿ ಆರಂಭವಾದ ಬೇಸಿಗೆ ಶಿಬಿರಗಳಿಗೆ ಅವರು ಬೆಂಬಲ ನೀಡಿದರು.

ವಿವಾದ ಮತ್ತು ನಂತರದ ಪುರಾವೆ

ಇಂಥ ಕಟ್ಟುನಿಟ್ಟು ಮಕ್ಕಳಿಗೆ ಹೊರೆಯೆಂದೂ, ಅದರಿಂದ ತೊಂದರೆಗಳು ತಪ್ಪುತ್ತವೆಂಬುದಕ್ಕೆ ಪುರಾವೆಯಿಲ್ಲವೆಂದೂ ಹಲವು ವೈದ್ಯರು ವಾದಿಸಿದರು. 92ನೆಯ ವಯಸ್ಸಿನಲ್ಲಿ ಜೋಸ್ಲಿನ್‌ರವರು ನಿಧನರಾದಾಗ ಈ ಚರ್ಚೆ ಇತ್ಯರ್ಥವಾಗಿರಲಿಲ್ಲ. ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತಿಳಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಬಳಕೆಗೆ ಬಂದ ನಂತರವೇ ಹತೋಟಿಯನ್ನು ನಿಖರವಾಗಿ ಹೋಲಿಸಲು ಸಾಧ್ಯವಾಯಿತು. 13ರಿಂದ 39 ವರ್ಷ ವಯಸ್ಸಿನ 1,441 ಟೈಪ್ 1 ಮಧುಮೇಹಿಗಳ ಮೇಲೆ ಅಮೆರಿಕ ಹಾಗೂ ಕೆನಡಾಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಬಿಗಿಯಾದ ಹತೋಟಿಯು ಅಕ್ಷಿಪಟಲದ ರೋಗ ಆರಂಭವಾಗುವ ಅಪಾಯವನ್ನು ಶೇ. 76ರಷ್ಟು ತಗ್ಗಿಸಿತ್ತು, ಆದರೆ ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಸಂಗಗಳು ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಜೋಸ್ಲಿನ್‌ರವರ ನಂಬಿಕೆ ಹೀಗೆ ದೃಢಪಟ್ಟಿತು. ಅದರ ಹೊರೆಯ ಬಗ್ಗೆ ಇದ್ದ ಆತಂಕವೂ ನಿರಾಧಾರವಾಗಿರಲಿಲ್ಲ.

ಬಾಸ್ಟನ್‌ನ ಜೋಸ್ಲಿನ್ ಡಯಾಬಿಟಿಸ್ ಸೆಂಟರ್ ಅವರ ಹೆಸರನ್ನು ಹೊಂದಿದೆ.