ಶರಣಾಗತರಕ್ಷಕಿ ಕೆಳದಿಯ ಚೆನ್ನಮ್ಮಾಜಿ

ಕಾಯಕವೆಂಬುದು ನೇಗಿಲು ಹಿಡಿದವರಿಗೂ ಮಗ್ಗದ ಮುಂದೆ ಕುಳಿತವರಿಗೂ ಮಾತ್ರ ವಿಹಿತವಾದುದಲ್ಲ. ಸಿಂಹಾಸನವನ್ನೇರಿದವರಿಗೂ ಅದು ತಪ್ಪಿದುದಲ್ಲ. ಪ್ರಜಾಪಾಲನೆಯೇ ಅರಸರ ಕಾಯಕ. ಆಶ್ರಿತರಕ್ಷಣೆಯೇ ಅವರ ದಾಸೋಹ. ಆತ್ಮನಲ್ಲಿ ಸ್ತ್ರೀಪುರುಷಭೇದವಿಲ್ಲವೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದ ತತ್ತ್ವವು ಐದು ಶತಮಾನಗಳ ತರುವಾಯ ಮಲೆನಾಡಿನ ರಾಣಿಯೊಬ್ಬಳ ಬಾಳಿನಲ್ಲಿ ಪ್ರತ್ಯಕ್ಷವಾಯಿತು. ಆಕೆಯೇ ಕೆಳದಿಯ ಚೆನ್ನಮ್ಮಾಜಿ.

ಚೆನ್ನಮ್ಮಾಜಿಯು ಅರಸುಮನೆತನದಲ್ಲಿ ಜನಿಸಿದವಳಲ್ಲ. ಕೋಟಿಪುರದ ಸಿದ್ದಪ್ಪ ಶೆಟ್ಟರ ಪುತ್ರಿ. ಭೂಕಂದಾಯದ ಶಿಸ್ತಿನಿಂದ ಪ್ರಖ್ಯಾತನಾದ ಶಿವಪ್ಪನಾಯಕನ ಮಗ ಸೋಮಶೇಖರನಾಯಕನು ಆಕೆಯನ್ನು ವರಿಸಿದನು. 1664ರಲ್ಲಿ ಪಟ್ಟಕ್ಕೆ ಬಂದ ಆತನು ಮೊದಮೊದಲು ಧರ್ಮದಿಂದಲೇ ರಾಜ್ಯವಾಳಿದನು. ಆದರೆ ಕಾಲಕ್ರಮದಲ್ಲಿ ದುಸ್ಸಂಗಕ್ಕೆ ಸಿಲುಕಿ, ದೇಹಮನಸ್ಸುಗಳ ಸ್ವಾಸ್ಥ್ಯವನ್ನು ಕಳೆದುಕೊಂಡು, ಅರಮನೆಯನ್ನೂ ರಾಜಕಾರ್ಯವನ್ನೂ ತೊರೆದಂತಾದನು. ಸಂತಾನವಿಲ್ಲದ ಆ ಮನೆಯಲ್ಲಿ ಪತಿಯ ಹಿತಕ್ಕಾಗಿಯೂ ರಾಜ್ಯದ ಉಳಿವಿಗಾಗಿಯೂ ಚೆನ್ನಮ್ಮಾಜಿಯು ಪಟ್ಟ ಪಾಡು ಅಷ್ಟಿಷ್ಟಲ್ಲ.

1671ರಲ್ಲಿ ಸೋಮಶೇಖರನಾಯಕನು ಒಳಸಂಚಿಗೆ ಬಲಿಯಾದನು. ಈ ಸಂಧಿಯನ್ನೇ ಕಾಯುತ್ತಿದ್ದ ಬಿಜಾಪುರದ ಸೈನ್ಯವು ಬಿದನೂರನ್ನು ಮುತ್ತಿತು. ರಾಜಧಾನಿಯನ್ನು ಬಿಟ್ಟು ಭುವನಗಿರಿ ದುರ್ಗವನ್ನು ಸೇರುವುದು ಚೆನ್ನಮ್ಮಾಜಿಗೆ ಅನಿವಾರ್ಯವಾಯಿತು. ಇಂದು ಕವಲೇದುರ್ಗವೆಂದು ಕರೆಯಲ್ಪಡುವ ಆ ದುರ್ಗವು ದಟ್ಟವಾದ ಅರಣ್ಯದ ನಡುವೆ ಇದೆ. ವೈಧವ್ಯದ ಶೋಕವನ್ನು ಎದೆಯಲ್ಲಿಯೇ ಅಡಗಿಸಿಕೊಂಡು ಆಕೆ ಅಲ್ಲಿ ದಂಡನ್ನು ಕೂಡಿಸಿದಳು. ತಿಮ್ಮಣ್ಣನಾಯಕನಂತಹ ನಿಷ್ಠಾವಂತರು ಬೆಂಬಲಕ್ಕೆ ನಿಂತರು. ಶತ್ರುಗಳು ಹಿಮ್ಮೆಟ್ಟಿದರು, ಬಿದನೂರು ಮರಳಿ ಕೈವಶವಾಯಿತು. ಹೆಣ್ಣಾಳಿಕೆ ನಿಲ್ಲದೆಂದು ಭಾವಿಸಿದ್ದವರ ಎಣಿಕೆ ಸುಳ್ಳಾಯಿತು. ತರುವಾಯ ಆಕೆ ಬಸವಪ್ಪನೆಂಬ ಬಾಲಕನನ್ನು ದತ್ತುಸ್ವೀಕಾರ ಮಾಡಿ, ವಿದ್ಯಾವಿನಯಗಳಿಂದ ಬೆಳೆಸಿದಳು.

ಸುಮಾರು 25 ವರ್ಷಗಳ ಕಾಲ ಚೆನ್ನಮ್ಮಾಜಿಯು ರಾಜ್ಯಭಾರ ಮಾಡಿದಳು. ಆ ಆಳ್ವಿಕೆಯಲ್ಲಿ ಕರಾವಳಿಯ ಮೆಣಸು ಅಕ್ಕಿಗಳ ವ್ಯಾಪಾರವು ವೃದ್ಧಿಯಾಯಿತು. 1678ರಲ್ಲಿ ಪೋರ್ತುಗೀಸರೊಡನೆ ಒಪ್ಪಂದವೂ ಏರ್ಪಟ್ಟಿತು. ಮಠಗಳಿಗೂ ದೇವಾಲಯಗಳಿಗೂ ಅಗ್ರಹಾರಗಳಿಗೂ ಆಕೆ ದತ್ತಿಗಳನ್ನಿತ್ತಳು. ಜಂಗಮದಾಸೋಹವು ಆಕೆಯ ನಿತ್ಯವ್ರತವಾಗಿತ್ತು.

ಆ ವ್ರತದ ನಿಜವಾದ ಪರೀಕ್ಷೆ 1689ರಲ್ಲಿ ಒದಗಿತು. ಆ ವರ್ಷ ಔರಂಗಜೇಬನು ಛತ್ರಪತಿ ಸಂಭಾಜಿಯನ್ನು ಸೆರೆಹಿಡಿದು ಕೊಲ್ಲಿಸಿದನು. ಸಂಭಾಜಿಯ ತಮ್ಮನೂ ಶಿವಾಜಿಯ ಕಿರಿಯ ಮಗನೂ ಆದ ರಾಜಾರಾಮನು ಮಾರುವೇಷದಿಂದ, ಕೆಲವರೇ ಸಂಗಡಿಗರೊಡನೆ, ದೂರದ ಜಿಂಜಿಯ ಕೋಟೆಯನ್ನು ಸೇರಲು ಹೊರಟನು. ಬೆನ್ನಟ್ಟಿ ಬರುತ್ತಿದ್ದ ಮೊಗಲರ ಭಯದಿಂದ ಅವನಿಗೆ ಎಡೆಕೊಡುವವರೇ ದುರ್ಲಭರಾಗಿದ್ದರು. ಅಂತಹವನು ಚೆನ್ನಮ್ಮಾಜಿಯ ಬಾಗಿಲಿಗೆ ಬಂದು ಶರಣೆಂದನು.

ಆಶ್ರಯವಿತ್ತರೆ ದೆಹಲಿಯ ಬಾದಶಹನ ಕೋಪ. ಇಲ್ಲವೆಂದರೆ ಧರ್ಮದ ಲೋಪ. ಬಿಜಾಪುರ, ಗೋಲ್ಕೊಂಡಗಳಂತಹ ದೊಡ್ಡ ರಾಜ್ಯಗಳೇ ಎರಡು ಮೂರು ವರ್ಷಗಳ ಹಿಂದೆಯಷ್ಟೇ ಆ ಬಾದಶಹನ ಪಾಲಾಗಿದ್ದುದನ್ನು ಆಕೆ ಅರಿಯದವಳಲ್ಲ. ಆದರೂ ಬಾಗಿಲಿಗೆ ಬಂದವನ ಕುಲವನ್ನೂ ಬಲವನ್ನೂ ಎಣಿಸದೆ, ಅವನ ಆರ್ತತೆಯನ್ನು ಮಾತ್ರ ನೋಡಿದಳು. ರಾಜಾರಾಮನಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟು, ತನ್ನ ಸೀಮೆಯ ಮೂಲಕ ಸುರಕ್ಷಿತವಾಗಿ ಕಳುಹಿಸಿಕೊಟ್ಟಳು. ಅವನು ಜಿಂಜಿಯನ್ನು ಸೇರಿದನು.

ಎಣಿಸಿದಂತೆಯೇ ಮೊಗಲರ ಸೈನ್ಯವು ಕೆಳದಿಯ ಮೇಲೆ ಬಂದಿತು. ಕೆಲವು ಕೋಟೆಗಳು ಶತ್ರುವಶವಾದವು. ಆದರೆ ಮಲೆನಾಡಿನ ಕಾಡೂ ಮಳೆಯೂ, ಚೆನ್ನಮ್ಮಾಜಿಯ ಯೋಧರ ಕೆಚ್ಚೂ ಆ ದಂಡನ್ನು ಕಂಗೆಡಿಸಿದವು. ಮರಾಠರ ಸೇನಾನಿ ಸಂತಾಜಿ ಘೋರ್ಪಡೆಯೂ ನೆರವಿಗೆ ಬಂದನು. ಕೊನೆಗೆ ಅಲ್ಪವಾದ ದಂಡವನ್ನು ತೆತ್ತು ಸಂಧಿಯಾಯಿತು. ದಂಡ ತೆತ್ತುದು ಬೊಕ್ಕಸಕ್ಕೆ ನಷ್ಟವಾಗಿರಬಹುದು. ಕೊಟ್ಟ ಅಭಯವು ಮಾತ್ರ ಉಳಿಯಿತು, ರಾಜ್ಯವೂ ಉಳಿಯಿತು.

ಚೆನ್ನಮ್ಮಾಜಿಯು ಲಿಂಗೈಕ್ಯಳಾದ ಬಳಿಕ ಬಸವಪ್ಪನಾಯಕನು ಪಟ್ಟವನ್ನೇರಿದನು. ಸಂಸ್ಕೃತದಲ್ಲಿ ಶಿವತತ್ತ್ವರತ್ನಾಕರವೆಂಬ ಮಹಾಗ್ರಂಥವನ್ನು ರಚಿಸಿದವನು ಆತನೇ. ತಾಯಿಯಾಗಿ ಆಕೆ ಮಾಡಿದ ಕಾಯಕಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅರಮನೆಯಲ್ಲಿ ಆಳಿದ ಆಕೆಯ ಸಮಾಧಿಯು ಬಿದನೂರಿನ ಕೊಪ್ಪಲು ಮಠದಲ್ಲಿದೆ. ಅರಸಿಯಾಗಿ ಬಾಳಿದವಳು ಕಡೆಗೆ ವಿರಕ್ತರ ನೆರಳನ್ನು ಸೇರಿದುದು ಅರ್ಥಗರ್ಭಿತವಾಗಿದೆ.

ಗೃಹಸ್ಥರಾದ ಭಕ್ತರಿಗೆ ರಾಜ್ಯಕೋಶಗಳಿಲ್ಲದಿರಬಹುದು. ಆದರೆ ಬಾಗಿಲಂತೂ ಇದ್ದೇ ಇದೆ. ತನಗೆ ಕೇಡಿಲ್ಲದಾಗ ನೀಡುವುದು ಸುಲಭ. ಕೇಡು ಬರುವುದೆಂದು ತಿಳಿದೂ ನೀಡುವುದೇ ದಾಸೋಹದ ಪರಮಾವಧಿ. ನೊಂದು ಬಂದವರಿಗೆ ಆ ಬಾಗಿಲು ಮುಚ್ಚದಿರಲೆಂಬುದೇ ಚೆನ್ನಮ್ಮಾಜಿಯ ಜೀವನಚರಿತ್ರೆಯ ಉಪದೇಶ.