ಲಸಿಕೆ ಚೀಟಿ, ರೈಲು ಟಿಕೆಟ್ಟು, ದಿನಗೂಲಿ: ಹಾಫ್ಕಿನ್ ಬದುಕು ಬಳ್ಳಾರಿಗೆ ಕಲಿಸುವ ಲೆಕ್ಕ

ಲಾಕ್‌ಡೌನ್ ಸಡಿಲಿಸುವ ಮಾತು ಬಂದಾಗಲೆಲ್ಲ ಟಿವಿ ಚರ್ಚೆಗಳಲ್ಲಿ ಒಂದು ತಕ್ಕಡಿ ಕಾಣಿಸಿಕೊಳ್ತಿತ್ತು. ಒಂದು ತಟ್ಟೆಯಲ್ಲಿ ಜೀವ, ಇನ್ನೊಂದರಲ್ಲಿ ಜೀವನ. ಯಾವುದು ಹೆಚ್ಚು ಅಂತ ಕೇಳೋರು. ಬಳ್ಳಾರಿಯಲ್ಲಿ ಪೀಸ್ ಲೆಕ್ಕಕ್ಕೆ ಜೀನ್ಸ್ ಹೊಲಿಯುವವರಿಗೆ, ಸಿರುಗುಪ್ಪದ ಅಕ್ಕಿ ಗಿರಣಿಗಳ ಹಮಾಲರಿಗೆ, ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳಿಗೆ ಈ ಪ್ರಶ್ನೆಯೇ ವಿಚಿತ್ರ. ಅವರ ಮಟ್ಟಿಗೆ ಎರಡೂ ಒಂದೇ ತಟ್ಟೆಯಲ್ಲಿವೆ.

ಇದೇ ಜಗಳ 120 ವರ್ಷಗಳ ಹಿಂದೆಯೂ ನಡೆದಿತ್ತು. ಹುಬ್ಬಳ್ಳಿಯಿಂದ ಗದಗ, ಹೊಸಪೇಟೆ ದಾಟಿ ಬಳ್ಳಾರಿಗೆ ಬರುವ ರೈಲು ಹಳಿಯ ಮೇಲೇ ನಡೆದಿತ್ತು. ಆ ಜಗಳದ ನಡುವೆ ಕೈಯಲ್ಲಿ ಸೂಜಿ ಹಿಡಿದು ನಿಂತಿದ್ದವನು ವಾಲ್ಡೆಮಾರ್ ಹಾಫ್ಕಿನ್. ಮುಂಬೈನ ಹಾಫ್ಕಿನ್ ಸಂಸ್ಥೆಯ ಹೆಸರು ಅನೇಕರಿಗೆ ಗೊತ್ತು. ಆ ಹೆಸರಿನ ಹಿಂದಿನ ಮನುಷ್ಯನನ್ನು ನಾವು ಹೆಚ್ಚುಕಮ್ಮಿ ಮರೆತಿದ್ದೇವೆ.

ಹಾಫ್ಕಿನ್ ಹುಟ್ಟಿದ್ದು 1860ರಲ್ಲಿ, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಆಗ ಅದು ರಷ್ಯಾದ ಝಾರ್ ಆಡಳಿತದಲ್ಲಿತ್ತು. ವಿದ್ಯಾರ್ಥಿಯಾಗಿದ್ದಾಗಲೇ ರಾಜಕೀಯಕ್ಕಿಳಿದ. ಯಹೂದಿಗಳ ಮೇಲೆ ದಾಳಿ ನಡೆದಾಗ ತನ್ನವರನ್ನು ರಕ್ಷಿಸಿಕೊಳ್ಳುವ ಗುಂಪು ಸೇರಿದ, ಜೈಲು ಕಂಡ. ಗುರು ಮೆಚ್ನಿಕೋವ್ ನೆರವಿನಿಂದ ಹೊರಬಂದ. ಧರ್ಮ ಬದಲಿಸಿದ್ದರೆ ವಿಶ್ವವಿದ್ಯಾಲಯದಲ್ಲಿ ಹುದ್ದೆ ಸಿಗುತ್ತಿತ್ತು. ಅದಕ್ಕೆ ಒಪ್ಪಲಿಲ್ಲ. 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ, ಅಲ್ಲಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಹೋದ. ಅಲ್ಲಿ ಮೊದಲು ಸಿಕ್ಕಿದ್ದು ಸಹಾಯಕ ಗ್ರಂಥಪಾಲಕನ ಕೆಲಸ. ಬಿಡುವಿನ ವೇಳೆಯಲ್ಲಿ ಲ್ಯಾಬಿನಲ್ಲಿ ಕೂತು ಕಾಲರಾಕ್ಕೆ ಲಸಿಕೆ ತಯಾರಿಸಿದ. 1892ರ ಜುಲೈನಲ್ಲಿ ಅದನ್ನು ಮೊದಲು ಚುಚ್ಚಿಕೊಂಡಿದ್ದು ತನಗೇ.

1893ರಲ್ಲಿ ಕಲ್ಕತ್ತಕ್ಕೆ ಬಂದ. ಅಲ್ಲಿನ ಬಸ್ತಿಗಳಲ್ಲಿ, ಅಸ್ಸಾಮಿನ ಚಹಾ ತೋಟದ ಕೂಲಿಗಳ ನಡುವೆ ಎರಡು ವರ್ಷ ಅಲೆದು ಸಾವಿರಾರು ಜನರಿಗೆ ಲಸಿಕೆ ಹಾಕಿದ. ಒಂದೇ ಮನೆಯಲ್ಲಿ ಲಸಿಕೆ ಹಾಕಿಸಿಕೊಂಡವರು, ಹಾಕಿಸಿಕೊಳ್ಳದವರು ಇಬ್ಬರೂ ಇದ್ದರೆ ಯಾರಿಗೆ ಏನಾಯ್ತು ಅಂತ ಹೋಲಿಸಿ ಬರೆದಿಟ್ಟ. ಮಲೇರಿಯಾ ಬಂದು ಯುರೋಪಿಗೆ ಮರಳಿ, ಚೇತರಿಸಿಕೊಂಡು ಮತ್ತೆ ಬಂದ. ಅಷ್ಟರಲ್ಲಿ, 1896ರ ಸೆಪ್ಟೆಂಬರ್‌ನಲ್ಲಿ, ಬೊಂಬಾಯಿಗೆ ಪ್ಲೇಗು ಬಂದಿತ್ತು. ನಮ್ಮ ಅಜ್ಜಿಯಂದಿರ ಮಾತಲ್ಲಿ ಪಿಳೇಗು.

ಸರ್ಕಾರ ಹಾಫ್ಕಿನ್‌ನನ್ನು ಕರೆಸಿ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಜಾಗ ಕೊಟ್ಟಿತು. ಮೂರೇ ತಿಂಗಳಲ್ಲಿ ಪ್ಲೇಗಿನ ಲಸಿಕೆ ಸಿದ್ಧವಾಯ್ತು. 1897ರ ಜನವರಿ 10ರಂದು ಈ ಸಲವೂ ಮೊದಲು ತಾನೇ ಚುಚ್ಚಿಕೊಂಡ. ತಿಂಗಳ ಕೊನೆಗೆ ಬೈಕುಲಾ ಜೈಲಿನಲ್ಲಿ ಪ್ರಯೋಗ ನಡೆಯಿತು.

ನಿರ್ಬಂಧ ಯಾರಿಗಾಗಿ?

ಅದೇ ಹೊತ್ತಿಗೆ ಸರ್ಕಾರ ಇನ್ನೊಂದು ಅಸ್ತ್ರ ತೆಗೆಯಿತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮನೆಗೆ ನುಗ್ಗಿ ತಪಾಸಣೆ, ರೋಗಿಯನ್ನು ಎಳೆದೊಯ್ದು ಆಸ್ಪತ್ರೆಗೆ, ಮನೆಯವರನ್ನು ಕ್ಯಾಂಪಿಗೆ, ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ಮೈ ಪರೀಕ್ಷೆ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಮೊದಲು ಕೈಗೆತ್ತಿಕೊಂಡಿದ್ದೂ ಇದೇ ಕಾಯ್ದೆಯನ್ನು ಅನ್ನೋದು ನೆನಪಿರಲಿ.

ಈ ಕಟ್ಟುನಿಟ್ಟು ಜನರ ಆರೋಗ್ಯಕ್ಕಾಗಿಯೇ ಬಂತು ಅಂದುಕೊಂಡರೆ ಅರ್ಧ ಕತೆ ಬಿಟ್ಟಂತೆ. ಬೊಂಬಾಯಿಯ ಸರಕನ್ನು ತಮ್ಮ ಬಂದರಿಗೆ ಬಿಡುವುದಿಲ್ಲ ಎಂದು ಯುರೋಪಿನ ದೇಶಗಳು ಬೆದರಿಸುತ್ತಿದ್ದವು. ಆ ವರ್ಷ ಇದಕ್ಕಾಗಿಯೇ ವೆನಿಸ್‌ನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸಾಗರದಾಚೆಯ ವ್ಯಾಪಾರ ಉಳಿಯಬೇಕಾದರೆ ಒಳಗಿನ ಬಡವರ ಮೇಲೆ ಬಿಗಿ ತೋರಿಸಬೇಕಿತ್ತು. ಅಂದರೆ ಆರೋಗ್ಯದ ಹೆಸರಿನ ನಿರ್ಬಂಧದ ಹಿಂದೆಯೂ ಒಂದು ಆರ್ಥಿಕತೆ ಇತ್ತು. ಅದು ಕೂಲಿಯವನ ಆರ್ಥಿಕತೆ ಆಗಿರಲಿಲ್ಲ, ಅಷ್ಟೇ.

ಜನ ಸಿಟ್ಟಿಗೆದ್ದರು. 1897ರ ಜೂನ್‌ನಲ್ಲಿ ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ಮರುವರ್ಷ ಬೊಂಬಾಯಿಯಲ್ಲಿ ಗಲಭೆಯಾಯ್ತು. ಜನ ರೋಗಿಗಳನ್ನು ಬಚ್ಚಿಟ್ಟರು, ಊರು ಬಿಟ್ಟು ಓಡಿದರು. ಪ್ಲೇಗೂ ಅವರ ಜೊತೆಗೇ ಹೋಯ್ತು. ಸರ್ಕಾರ ನಿಧಾನವಾಗಿ ಬಿಗಿ ಸಡಿಲಿಸತೊಡಗಿದ್ದು ಆಮೇಲೆ. ಬಲವಂತದ ಕ್ಯಾಂಪು, ಮನೆ ಶೋಧಗಳಿಂದ ಪ್ಲೇಗು ನಿಲ್ಲೋದಿಲ್ಲ ಅನ್ನೋದು ಹಾಫ್ಕಿನ್‌ನ ನಿಲುವಾಗಿತ್ತು. ಲಸಿಕೆಯನ್ನು ಯಾರ ಮೇಲೂ ಹೇರಬಾರದು, ಒಪ್ಪಿದವರಿಗೆ ಮಾತ್ರ ಹಾಕಬೇಕು ಅನ್ನೋದೂ ಅವನ ಪಟ್ಟಾಗಿತ್ತು. ನೈರ್ಮಲ್ಯ ಇಲಾಖೆಯ ದೊಡ್ಡವರಿಗೆ ಈ ಹೊರಗಿನವನ ಮೇಲೆ ಸಿಟ್ಟು ಬರಲು ಇಷ್ಟು ಸಾಕಾಯ್ತು.

ಹುಬ್ಬಳ್ಳಿಯಿಂದ ಬಳ್ಳಾರಿಗೆ

ಅವನ ಲಸಿಕೆಗೆ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ಹುಬ್ಬಳ್ಳಿಯಲ್ಲಿ. 1898ರಲ್ಲಿ ಅಲ್ಲಿ ಪ್ಲೇಗು ಜೋರಾದಾಗ ಲ್ಯೂಮನ್ ಎಂಬ ವೈದ್ಯಾಧಿಕಾರಿ ಸುಮಾರು ಅರ್ಧ ಲಕ್ಷ ಜನರ ಆ ಊರಿನಲ್ಲಿ ಬಹುಪಾಲು ಮಂದಿಗೆ ಲಸಿಕೆ ಹಾಕಿದ. ರೈಲ್ವೆ ನೌಕರರು, ನೂಲಿನ ಗಿರಣಿಯ ಕೆಲಸಗಾರರು ಅವರಲ್ಲಿದ್ದರು. ಲಸಿಕೆ ಹಾಕಿಸಿಕೊಂಡವರಲ್ಲೂ ಸಾವುಗಳಾದವು. ಆದರೆ ಹಾಕಿಸಿಕೊಳ್ಳದವರಿಗಿಂತ ಎಷ್ಟೋ ಕಡಿಮೆ. ಭಾರತದ ಪ್ಲೇಗ್ ಆಯೋಗ ಆಮೇಲೆ ಅಂಕಿ ಅಂಶಗಳಲ್ಲಿ ಕೊರತೆ ಹುಡುಕಿತು. ಲಸಿಕೆಯಿಂದ ಉಪಯೋಗವಿದೆ ಅನ್ನೋದನ್ನು ಮಾತ್ರ ಒಪ್ಪಿತು.

ಅದೇ ಕಾಲಕ್ಕೆ ಲಸಿಕೆಯ ಪ್ರಮಾಣಪತ್ರ ಬಂತು. ಆ ಚೀಟಿ ಇದ್ದರೆ ಪ್ರತ್ಯೇಕವಾಸದಂಥ ಕೆಲವು ನಿಯಮಗಳಿಂದ ವಿನಾಯಿತಿ. ಹುಬ್ಬಳ್ಳಿ ಬೊಂಬಾಯಿ ಪ್ರಾಂತ್ಯ, ಬಳ್ಳಾರಿ ಮದ್ರಾಸ್ ಪ್ರಾಂತ್ಯ. ನಡುವೆ ಒಂದೇ ಹಳಿ, ಎರಡು ಸರ್ಕಾರ. ಮದ್ರಾಸಿನವರು ಪ್ಲೇಗ್ ಪಾಸ್‌ಪೋರ್ಟ್ ಎಂಬ ಕಾಗದ ಕೊಡುತ್ತಿದ್ದರು. ಸೋಂಕಿನ ಊರಿಂದ ಬಂದವರು ಅದನ್ನು ಹಿಡಿದು ಕೆಲವು ದಿನ ತಪಾಸಣೆಗೆ ಹಾಜರಾಗಬೇಕಿತ್ತು. ಇಷ್ಟಾದರೂ ಮದ್ರಾಸ್ ಪ್ರಾಂತ್ಯದಲ್ಲಿ ಪ್ಲೇಗಿನಿಂದ ನರಳಿದ ಜಿಲ್ಲೆಗಳ ಸಾಲಿಗೆ ಬಳ್ಳಾರಿ ಸೇರಿತು. ಹತ್ತಿಯ ವ್ಯಾಪಾರ, ರೈಲಿನ ಓಡಾಟ ಇದ್ದ ಊರನ್ನು ಕಾಗದವೊಂದೇ ಕಾಯಲಾರದು.

ಈ ಚೀಟಿಯಲ್ಲಿ ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು. ಊರಿಗೆ ಊರನ್ನೇ ಬೀಗ ಹಾಕುವ ಬದಲು ರಕ್ಷಣೆ ಇರುವವರನ್ನು ಓಡಾಡಲು ಬಿಡುವುದು ಬುದ್ಧಿವಂತಿಕೆ. ಆದರೆ ದಿನಗೂಲಿ ಇಲ್ಲದಿದ್ದರೆ ಒಲೆ ಹೊತ್ತದ ಮನೆಯಲ್ಲಿ ಒಪ್ಪಿಗೆ ಅನ್ನೋ ಮಾತಿಗೆ ಎಷ್ಟು ಅರ್ಥ? ಸೂಜಿ ಬೇಡ ಅಂದರೆ ಕ್ಯಾಂಪು, ಕ್ಯಾಂಪು ಅಂದರೆ ಕೂಲಿ ಖೋತಾ. ಉಳ್ಳವನಿಗೆ ಇದು ಆಯ್ಕೆ, ಇಲ್ಲದವನಿಗೆ ಷರತ್ತು.

ಒಂದು ಬಾಟಲಿ, 19 ಸಾವು

1902ರಲ್ಲಿ ಪಂಜಾಬಿನಲ್ಲಿ ಲಕ್ಷಾಂತರ ಜನರಿಗೆ ಲಸಿಕೆ ಹಾಕುವ ಯೋಜನೆ ಶುರುವಾಯ್ತು. ಬೇಡಿಕೆ ಪೂರೈಸಲು ಹಾಫ್ಕಿನ್ ತಯಾರಿಕೆಯ ವಿಧಾನ ಬದಲಿಸಿ ವೇಗ ಹೆಚ್ಚಿಸಿದ್ದ. ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಜನರಿಗೆ ಒಂದೇ ಬಾಟಲಿಯ ಲಸಿಕೆ ಹೋಗಿತ್ತು. ತಪ್ಪು ಲ್ಯಾಬಿನದು ಎಂದು ತನಿಖೆ ಹೇಳಿತು. ಹಾಫ್ಕಿನ್ ಹುದ್ದೆ ಕಳಕೊಂಡ. ಆ ಬಾಟಲಿ ತೆರೆಯುವಾಗ ಸಹಾಯಕನ ಚಿಮುಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಲಾಗಿತ್ತು ಅನ್ನೋ ಅಂಶ ತೂಕ ಪಡೆಯಲು ವರ್ಷಗಳೇ ಹಿಡಿದವು. ರೊನಾಲ್ಡ್ ರಾಸ್‌ರಂಥ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ಬಹಿರಂಗವಾಗಿ ಅವನ ಪರ ನಿಂತರು. 1907ರಲ್ಲಿ ಅವನ ಮೇಲಿದ್ದ ಆರೋಪ ಕಳಚಿತು.

ಆ ಐದು ವರ್ಷಗಳಲ್ಲಿ ಆದ ನಷ್ಟ ಅವನೊಬ್ಬನದಲ್ಲ. ಜನ ಲಸಿಕೆಯನ್ನು ನಂಬದಾದರು. 1907ರ ಒಂದೇ ವರ್ಷ ಭಾರತದಲ್ಲಿ ಪ್ಲೇಗಿಗೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಪಂಜಾಬಿನಲ್ಲೇ ಅತಿ ಹೆಚ್ಚು.

ಹಾಫ್ಕಿನ್ ಕಲ್ಕತ್ತಕ್ಕೆ ಮರಳಿದ, ಆದರೆ ತಾನು ಕಟ್ಟಿದ ಬೊಂಬಾಯಿಯ ಲ್ಯಾಬಿನ ಹೊಣೆ ಮತ್ತೆ ಸಿಗಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ನಿವೃತ್ತನಾಗಿ ಭಾರತ ಬಿಟ್ಟ. 1925ರಲ್ಲಿ ಆ ಲ್ಯಾಬಿಗೆ ಅವನ ಹೆಸರಿಟ್ಟರು. 1930ರ ಅಕ್ಟೋಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡ.

ನಮ್ಮ ಲೆಕ್ಕ

ಈಗ ಬಳ್ಳಾರಿಗೆ ಬರೋಣ. 2020ರ ಜೂನ್‌ನಲ್ಲಿ ಅನ್‌ಲಾಕ್ ಶುರುವಾದಾಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಸೋಂಕು ಹಬ್ಬಿತು. ಅದೇ ತಿಂಗಳ ಕೊನೆಗೆ ಬಳ್ಳಾರಿಯಲ್ಲಿ ಕೋವಿಡ್ ಶವಗಳನ್ನು ಗುಂಡಿಗೆ ಎಸೆಯುವ ವಿಡಿಯೊ ಹೊರಬಂತು. ಜಿಲ್ಲಾಡಳಿತ ಕ್ಷಮೆ ಕೇಳಬೇಕಾಯ್ತು. ಸತ್ತವರನ್ನು ಹೀಗೆ ನಡೆಸಿಕೊಳ್ಳೋದನ್ನು ನೋಡಿದ ಜನ ಜ್ವರ ಬಂದರೆ ತಾವಾಗಿ ಟೆಸ್ಟಿಗೆ ಬರ್ತಾರಾ? 1897ರ ಪುಣೆಯವರೂ ಹೀಗೇ ರೋಗಿಗಳನ್ನು ಬಚ್ಚಿಟ್ಟಿದ್ದರು. 2021ರಲ್ಲಿ ಅದೇ ಕಾರ್ಖಾನೆಯ ಆಮ್ಲಜನಕ ನಂಬಿ ಪಕ್ಕದಲ್ಲೇ 1,000 ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ಕಾರ್ಖಾನೆ ಒಂದು ತಟ್ಟೆ, ಆಸ್ಪತ್ರೆ ಇನ್ನೊಂದು ತಟ್ಟೆ ಅನ್ನೋ ತಕ್ಕಡಿ ಅಲ್ಲೇ ಮುರಿಯಿತು.

2021ರ ಜೂನ್ 14ರಿಂದ ರಾಜ್ಯ ಹಂತಹಂತವಾಗಿ ತೆರೆದಾಗ ಕಾರ್ಖಾನೆಗಳಿಗೆ ಶೇ 50, ಗಾರ್ಮೆಂಟ್ಸಿಗೆ ಶೇ 30ರಷ್ಟು ಕೆಲಸಗಾರರು ಎಂಬ ಮಿತಿ ಇತ್ತು. ಕಾಗದದ ಮೇಲೆ ಅಚ್ಚುಕಟ್ಟು. ಉಳಿದ 70 ಮಂದಿಯ ಕೂಲಿ ಯಾರು ಕೊಡಬೇಕು ಅನ್ನೋದು ಆ ಮಿತಿಯಲ್ಲಿ ಇರಲಿಲ್ಲ. ಡಿಸೆಂಬರ್ ಹೊತ್ತಿಗೆ ಮಾಲ್, ಚಿತ್ರಮಂದಿರಗಳಿಗೆ ಎರಡು ಡೋಸಿನ ನಿಯಮ ಬಂತು. ಹಾಫ್ಕಿನ್ ಕಾಲದ ಚೀಟಿ ಮೊಬೈಲಿಗೆ ಬಂದಿತ್ತು.

ಅವನ ಬದುಕಿನಿಂದ ನನಗೆ ಕಾಣೋದು ಇಷ್ಟು. ಯಾವತ್ತು ತೆರೆಯಬೇಕು ಅನ್ನೋದು ಕೊನೆಯ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದ್ದು ಮೂರಿವೆ. ಮುಚ್ಚಿದ್ದ ದಿನಗಳಲ್ಲಿ ಲಸಿಕೆ, ಹಾಸಿಗೆ, ಟೆಸ್ಟು ಸಿದ್ಧವಾದವಾ? ಜನ ಆಡಳಿತವನ್ನು ನಂಬಿ ಬಾಗಿಲು ತೆಗೀತಾರಾ? ಕಾಯುವ ದಿನಗಳ ಕೂಲಿ ಯಾರ ಲೆಕ್ಕಕ್ಕೆ? ಮೂರಕ್ಕೂ ಉತ್ತರವಿಲ್ಲದಿದ್ದರೆ ಮುಚ್ಚಿದರೂ ತೆರೆದರೂ ಬಿಲ್ ಹೋಗೋದು ಹೊಲಿಗೆಯವರ, ಹಮಾಲರ, ಕೂಲಿಯವರ ಮನೆಗೇ.

ಮುಂದಿನ ಸಾಂಕ್ರಾಮಿಕ ಬರುವ ಮುನ್ನ ಸಿರುಗುಪ್ಪ, ಕುರುಗೋಡಿನ ಆಸ್ಪತ್ರೆಗಳಲ್ಲಿ ಎಷ್ಟು ಆಮ್ಲಜನಕದ ಹಾಸಿಗೆ ಇವೆ, ಕ್ವಾರಂಟೈನ್ ಆದ ದಿನಗೂಲಿಗೆ ಪರಿಹಾರ ಕೊಡುವ ನಿಯಮ ಇದೆಯಾ ಅಂತ ನಿಮ್ಮ ಶಾಸಕರನ್ನು ಈಗಲೇ ಕೇಳಿ. ರೋಗ ಬಂದ ಮೇಲೆ ಕೇಳಿದರೆ ಅವರು ಮತ್ತೆ ಆ ತಕ್ಕಡಿಯನ್ನೇ ತೋರಿಸ್ತಾರೆ.