ತನ್ನ ಮೇಲೆ ತಾನೇ ದಂಡ ಹಾಕಿಕೊಂಡ ಬಾಬಿ ಜೋನ್ಸ್



ಬೆಂಗಳೂರಿನಲ್ಲಿ 1876ರಿಂದಲೇ ಗಾಲ್ಫ್ ಕ್ಲಬ್ ಇದ್ದರೂ, ಅಡಿಕೆ ತೋಟಗಳ ನಮ್ಮ ದೇಲಂಪಾಡಿಗೆ ಅದು ದೂರದ ಆಟ. ಆದರೂ ಈ ಸಲ ಒಬ್ಬ ಗಾಲ್ಫ್ ಆಟಗಾರರನ್ನು ಸ್ಮರಿಸುತ್ತಿದ್ದೇವೆ.

ಬಾಬಿ ಜೋನ್ಸ್ 1902ರ ಮಾರ್ಚ್ 17ರಂದು ಅಮೆರಿಕದ ಅಟ್ಲಾಂಟಾದಲ್ಲಿ ಜನಿಸಿದರು. ಮುಂದೆ ವಕೀಲರಾದರು. ಆಟಕ್ಕೆ ಹಣ ಪಡೆಯದ ಹವ್ಯಾಸಿಯಾಗಿದ್ದೂ ವೃತ್ತಿಪರರನ್ನು ಸೋಲಿಸುತ್ತಿದ್ದರು. ಎಳವೆಯಲ್ಲಿ ಮುಂಗೋಪಿ, 1921ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಸ್ಪರ್ಧೆಯನ್ನು ಅರ್ಧಕ್ಕೇ ಬಿಟ್ಟು ನಡೆದವರು.

ನಾಲ್ಕೇ ವರ್ಷಗಳಲ್ಲಿ ಮನುಷ್ಯ ಬದಲಾಗಿದ್ದರು. 1925ರ ಅಮೆರಿಕನ್ ಓಪನ್‌ನಲ್ಲಿ, ಹುಲ್ಲಿನ ನಡುವೆ ಇದ್ದ ಚೆಂಡನ್ನು ಹೊಡೆಯಲು ಸಿದ್ಧರಾಗುವಾಗ ಅದು ತುಸು ಕದಲಿತು. ಬೇರೆ ಯಾರೂ ಕಂಡಿರಲಿಲ್ಲ. ಅಧಿಕಾರಿಗಳು ನಿರ್ಧಾರವನ್ನು ಅವರಿಗೇ ಬಿಟ್ಟರು. ಜೋನ್ಸ್ ಒಂದು ಹೊಡೆತದ ದಂಡ ಬರೆಸಿಕೊಂಡರು. ಕೊನೆಗೆ ವಿಲ್ಲಿ ಮ್ಯಾಕ್‌ಫರ್ಲೇನ್ ಜೊತೆ ಸಮಬಲವಾಯಿತು. ಹೆಚ್ಚುವರಿ ಆಟದಲ್ಲಿ ಒಂದೇ ಹೊಡೆತದಿಂದ ಸೋತರು. ಆ ದಂಡವಿಲ್ಲದಿದ್ದರೆ ಪ್ರಶಸ್ತಿ ಅವರದೇ.

1930ರಲ್ಲಿ ಒಂದೇ ವರ್ಷ ನಾಲ್ಕು ದೊಡ್ಡ ಪ್ರಶಸ್ತಿ ಗೆದ್ದು, 28ನೇ ವಯಸ್ಸಿಗೇ ನಿವೃತ್ತರಾದರು. 1934ರಲ್ಲಿ ಆರಂಭವಾದ ಮಾಸ್ಟರ್ಸ್ ಸ್ಪರ್ಧೆಯ ಸ್ಥಾಪಕರಲ್ಲೊಬ್ಬರು. ಬೆನ್ನುಹುರಿಯ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದ ಅವರು 1971ರ ಡಿಸೆಂಬರ್ 18ರಂದು ತೀರಿಕೊಂಡರು.

ವೃತ್ತಿಪರ ಗಾಲ್ಫಿನಲ್ಲಿ ಇಂದಿಗೂ ಕ್ರಮ ಇದೇ. ತೀರ್ಪುಗಾರರಿದ್ದಾರೆ, ಅವರ ಮಾತೇ ಅಂತಿಮ. ಆದರೆ ಪ್ರತಿ ಹೊಡೆತದ ಬಳಿಯೂ ಅವರಿರುವುದಿಲ್ಲ. ತಪ್ಪನ್ನು ಹೇಳಿ ದಂಡ ಹಾಕಿಕೊಳ್ಳುವ ಮೊದಲ ಹೊಣೆ ಆಟಗಾರನದು. ಅಂಕಪಟ್ಟಿಯನ್ನು ಜೊತೆಯಾಟಗಾರ ಬರೆದರೂ ಸರಿನೋಡಿ ಸಹಿ ಹಾಕಬೇಕಾದವನು ಅವನೇ.

ಗುಮಾಸ್ತಗಿರಿಯಲ್ಲಿ ತಲೆ ನರೆತ ನಾವು ಸಹಿಯ ಭಾರ ಬಲ್ಲೆವು. ಸಂಘದ ಲೆಕ್ಕಪುಸ್ತಕ ತೆರೆದಾಗಲೆಲ್ಲ ಜೋನ್ಸ್ ನೆನಪಾಗುತ್ತಾರೆ.

– ಕಾರ್ಯದರ್ಶಿ